ಕೌದಿ ಹೊಲಿದ ಕೈಗೆ ಗಂಟೆಗೆ ಹನ್ನೊಂದು ರೂಪಾಯಿಯೂ ಇಲ್ಲ

ದುಧನಿ: ತಂಗಿಯ ಚೊಚ್ಚಲ ಬಾಣಂತನ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲೇ ಆಯಿತು. ಅವಳನ್ನು ಕೊಟ್ಟದ್ದು ಆಚೆ ಆಳಂದ ತಾಲೂಕಿಗೆ, ಹೆರಿಗೆ ಈಚೆ ತವರಿನಲ್ಲಿ. ಹನ್ನೆರಡನೇ ದಿನಕ್ಕೆ ತೊಟ್ಟಿಲು ಎಂದು ಹಿರಿಯರು ನಿಕ್ಕಿ ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ನಗುವ ಗಾದೆ ನಮ್ಮದು. ಹಾಗಾಗಿ ಮೊದಲೇ ಏನೂ ಹೊಲಿಸಿರುವುದಿಲ್ಲ, ಕೂಸಿನ ಅರಿವೆ-ಅಂಚಡಿ ಎಲ್ಲ ಆ ಹನ್ನೆರಡು ದಿನದಲ್ಲೇ ತಯಾರಾಗಬೇಕು. ಅವ್ವ ಟ್ರಂಕಿನಿಂದ ಎರಡು ಹಳೇ ಕಾಟನ್ ಸೀರೆ, ಅಪ್ಪನ ಒಂದು ಧೋತರ ತೆಗೆದು ನನ್ನ ಕೈಗಿಟ್ಟು, "ಹಿಂದಿನ ಓಣಿ ಆಯಿಗೆ ಕೊಟ್ಟ ಬಾ. ಕೂಸಿಗೊಂದ ಕೌದಿ ಹೊಲೀಬೇಕಂತ ಅನ್ನು" ಎಂದಳು.

ಆಯಿ ಎಂಟು ದಿನದಲ್ಲಿ ಕೌದಿ ಹೊಲಿದು ಕೊಟ್ಟಳು. ನಾಲ್ಕುನೂರು ರೂಪಾಯಿ ಅಂದಿದ್ದಳು. "ನಾವೇನ ಹೊರಗಿನವ್ರೇನ ಆಯಿ?" ಎಂದು ನಾನೇ ನೂರು ಇಳಿಸಿ ಮುನ್ನೂರು ಕೊಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಮುಂದಿನ ಮಾತು ಆಡುವ ಹಕ್ಕು ನನಗಿಲ್ಲ.

ಅದೇ ವಾರ ಸೊಲ್ಲಾಪುರಕ್ಕೆ ಹೋದಾಗ ಒಂದು ಅಂಗಡಿಯಿಂದ ಕೂಸಿನ ರೆಡಿಮೇಡ್ ಸೆಟ್ ತಂದೆ. ಪಾರದರ್ಶಕ ಮುಚ್ಚಳದ ಡಬ್ಬಿ, ಅದರೊಳಗೆ ಅಂಗಿ, ಟೊಪ್ಪಿಗೆ, ಕೈಚೀಲ, ಕಾಲ್ಚೀಲ, ಮೆತ್ತಗೆ ಹೊಳೆಯುವ ಒಂದು ಹೊದಿಕೆ. 850 ರೂಪಾಯಿ. ಎಂ.ಆರ್.ಪಿ. ನೋಡಿದೆ, ಸುಮ್ಮನೆ ತೆತ್ತೆ. ಅಂಗಡಿಯವನಿಗೆ "ನಾವೇನ ಹೊರಗಿನವ್ರೇನ" ಅನ್ನಲು ಬಾಯಿ ಬರಲಿಲ್ಲ.

ತೊಟ್ಟಿಲು ಮುಗಿದ ಮೇಲೆ ಒಂದು ರಾತ್ರಿ ಆ ಕೌದಿಯನ್ನು ಮುಂದಿಟ್ಟುಕೊಂಡು ಅಳತೆಪಟ್ಟಿ ಹಿಡಿದೆ. ಬಿ.ಕಾಂ. ಓದಿದವನಿಗೆ ಬರುವ ವಿದ್ಯೆ ಅದೊಂದೇ. ಕೌದಿ ಮೂರಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕು ಪದರು. ಅಂಚಿನಿಂದ ಸುತ್ತುತ್ತಾ ಒಳಗೆ ಹೋಗುವ ಟಾಕಿ, ಸಾಲಿನಿಂದ ಸಾಲಿಗೆ ಅರ್ಧ ಇಂಚು. ಎಲ್ಲ ಸಾಲುಗಳನ್ನು ಬಿಡಿಸಿ ನೇರ ಹಾಸಿದರೆ 180 ಅಡಿ ಹೊಲಿಗೆ. ಇಂಚಿಗೆ ನಾಲ್ಕು ಟಾಕಿ ಹಿಡಿದರೂ ಎಂಟೂವರೆ ಸಾವಿರ ದಾಟುತ್ತದೆ. ಒಂದೊಂದೂ ಕೈಯಿಂದ, ಮಷಿನ್ ಇಲ್ಲ.

ಆಯಿಯನ್ನು ಕೇಳಿದೆ. ಮಧ್ಯಾಹ್ನ ಊಟ ಆದಮೇಲೆ ಬಿಸಿಲು ಇಳಿಯುವ ತನಕ, ದಿನಕ್ಕೆ ಮೂರು ತಾಸು. ಎಂಟು ದಿನಕ್ಕೆ 24 ತಾಸು. ದಾರ, ಸೂಜಿ ಎಂದು 40 ರೂಪಾಯಿ ಅವಳದೇ ಖರ್ಚು. ಉಳಿದದ್ದು 260. ಇಪ್ಪತ್ನಾಲ್ಕರಿಂದ ಭಾಗಿಸಿದರೆ ತಾಸಿಗೆ 10 ರೂಪಾಯಿ 83 ಪೈಸೆ.

ಈಗ ಇದಕ್ಕೆ ಸರ್ಕಾರದ ಒಂದು ಅಂಕಿ ಜೋಡಿಸೋಣ. 2025-26ನೇ ಸಾಲಿಗೆ ಉದ್ಯೋಗ ಖಾತ್ರಿಯ ದಿನಗೂಲಿ ಮಹಾರಾಷ್ಟ್ರದಲ್ಲಿ 312 ರೂಪಾಯಿ, ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಮಣ್ಣು ಅಗೆಯುವ, ಬುಟ್ಟಿ ಹೊರುವ ಕೆಲಸಕ್ಕೆ ನಿಗದಿಯಾದ ಕೂಲಿ ಅದು. 24 ತಾಸು ಅಂದರೆ ಎಂಟು ತಾಸಿನ ಮೂರು ದಿನ. ದುಧನಿಯ ಲೆಕ್ಕದಲ್ಲಿ ಆಯಿಗೆ 936 ರೂಪಾಯಿ ಬರಬೇಕಿತ್ತು. ಅದೇ ಕೌದಿಯನ್ನು ತಂಗಿಯ ಅತ್ತೆಮನೆ ಊರಿನಲ್ಲಿ ಹೊಲಿದಿದ್ದರೆ 1,110. ನಾನು ಕೊಟ್ಟದ್ದು ಎರಡೂ ರಾಜ್ಯದ ಲೆಕ್ಕಕ್ಕೆ ಹೊಂದಲಿಲ್ಲ.

ನಮ್ಮ ಮನೆಗಳಲ್ಲಿ ಈ ಸಾಮಾನುಗಳಿಗೆ ಎರಡೆರಡು ಹೆಸರು. ಮರಾಠಿಯ ಗೆಳೆಯರು ಬಾಳಂತವಿಡಾ ಅನ್ನುವ ಗಂಟಿನಲ್ಲಿ ಇರುವುದೂ ನಮ್ಮ ತವರಿನ ಗಂಟಿನಲ್ಲಿ ಇರುವುದೂ ಒಂದೇ. ಅವರ ಟೋಪಡೆ ನಮ್ಮ ಕುಲಾವಿ, ಅವರ ಕುಂಚಿ ನಮ್ಮ ಕುಂಚಿಗಿ, ಅವರ ದುಪಟೆ ನಮ್ಮ ದುಪ್ಪಟಿ, ಅವರ ಗೋಧಡಿ, ವಾಕಳ ನಮ್ಮ ಕೌದಿ. ಝಬಲಾ, ಲಂಗೋಟಿಗೆ ಭಾಷಾಂತರವೇ ಬೇಕಿಲ್ಲ. 1956ರಲ್ಲಿ ಆಳಂದ ಮೈಸೂರು ರಾಜ್ಯಕ್ಕೆ ಸೇರಿ, ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿದ ಮೇಲೂ ಈ ಗಂಟು ಬಸ್ಸಿನಲ್ಲಿ ಆ ಕಡೆ ಈ ಕಡೆ ಓಡಾಡಿಕೊಂಡೇ ಇದೆ.

ಈ ಹೊಲಿಗೆಯ ಒಳಗೆ ತಿಳಿವಳಿಕೆಯೂ ಇದೆ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಒರಟು. ಇಪ್ಪತ್ತು ವರ್ಷ ಒಗೆದ ಸೀರೆ ಕೂಸಿನ ಮೈಗೆ ಮೆತ್ತಗೆ, ಬೆವರು ಹೀರುತ್ತದೆ, ಜಲ್ದಿ ಒಣಗುತ್ತದೆ. ಝಬಲಾಕ್ಕೆ ಗುಂಡಿ ಇಡದೆ ಕಸೆ ಇಡುತ್ತಾರೆ, ಗುಂಡಿ ಕಿತ್ತು ಬಂದರೆ ಕೂಸಿನ ಬಾಯಿಗೆ ಹೋಗುತ್ತದೆ. ಹೊಲಿಗೆಯ ಅಂಚು ಹೊರಮುಖ ಬಿಡುತ್ತಾರೆ, ಒಳಗಿದ್ದರೆ ಮೈ ಉಜ್ಜಿ ಕೆಂಪಾಗುತ್ತದೆ. ಆಯಿ ಸಾಲೆಗೆ ಹೋದವಳಲ್ಲ. ನಾನು ತಂದ 850 ರೂಪಾಯಿಯ ಡಬ್ಬಿಯ ಅಂಗಿಯಲ್ಲಿ ಹೊಲಿಗೆ ಒಳಗೇ ಇತ್ತು. ಕುತ್ತಿಗೆಯ ಹಿಂದೆ ಗಟ್ಟಿ ಲೇಬಲ್ ಬೇರೆ. ಹೊದಿಕೆ ಪಾಲಿಯೆಸ್ಟರ್, ಏಪ್ರಿಲ್ ಬಿಸಿಲಿನಲ್ಲಿ ಅಕ್ಕಲಕೋಟದ ಕೂಸಿಗೆ ಅದನ್ನು ಹೊದಿಸುವವರುಂಟೇ?

ಹಾಗಂತ ಕೈಯಿಂದ ಹೊಲಿದದ್ದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ನಮ್ಮ ಸೋದರತ್ತೆ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಒಂದು ಕುಂಚಿಗಿ ಹೊಲಿದು ತಂದಿದ್ದಳು. ನೋಡಲು ಎರಡು ಕಣ್ಣು ಸಾಲದು. ಆದರೆ ಅಂಚಿಗೆಲ್ಲ ಸಣ್ಣ ಮಣಿ, ತುದಿಗೆ ಗೆಜ್ಜೆ, ಗದ್ದದ ಕೆಳಗೆ ಗೇಣುದ್ದ ಕಸೆ. ಮಣಿ ಉದುರಿದರೆ ನೆಟ್ಟಗೆ ಬಾಯಿಗೆ. ಉದ್ದ ಕಸೆ ಕಟ್ಟಿಯೇ ಮಲಗಿಸಿದರೆ ಕುತ್ತಿಗೆಗೆ ಬಿಗಿಯುವ ಭಯ. ಸಾಸಿವೆ ತುಂಬಿದ ದಿಂಬೂ ನಮ್ಮಲ್ಲಿ ಉಡುಗೊರೆಯಾಗಿ ಬರುತ್ತದೆ. ಕೂಸಿಗೆ ವರ್ಷ ತುಂಬುವ ತನಕ ಮಲಗುವ ಜಾಗದಲ್ಲಿ ದಿಂಬು, ದಪ್ಪ ಹೊದಿಕೆ, ಮೆತ್ತನೆ ಗೊಂಬೆ ಇಡಬಾರದು, ಅಂಗಾತ ಮಲಗಿಸಬೇಕು ಎಂಬುದು ಮಕ್ಕಳ ಡಾಕ್ಟರರ ಸಲಹೆ. ಕೌದಿಯನ್ನೂ ಕೆಳಗೆ ಸುಕ್ಕಿಲ್ಲದೆ ಬಿಗಿಯಾಗಿ ಹಾಸಬೇಕು, ಮಲಗಿದ ಕೂಸಿನ ಮೇಲೆ ಹೊದಿಸಬಾರದು. ಇದನ್ನು ಸೋದರತ್ತೆಗೆ ಯಾರು ಹೇಳಬೇಕು? ಪುಕ್ಕಟೆ ಹೊಲಿದು ತಂದವಳಿಗೆ "ಮಣಿ ತೆಗಿ" ಅಂದರೆ ಸಿಟ್ಟು ಬರುತ್ತದೆ. ದುಡ್ಡು ಕೊಟ್ಟು ಹೊಲಿಸಿದ್ದರೆ ಮೊದಲೇ ಹೇಳಬಹುದಿತ್ತು, ಮಣಿ ಬೇಡ, ಕಸೆ ಗಿಡ್ಡ ಇರಲಿ ಎಂದು.

ನಾವು ಹೆಣ್ಣುಮಕ್ಕಳ ಹೊಲಿಗೆಯನ್ನು ಪ್ರೀತಿ, ಮಮತೆ, ತವರಿನ ನೆನಪು ಎಂದು ಬಾಯ್ತುಂಬ ಹೊಗಳುತ್ತೇವೆ. ಹೊಗಳಿದಷ್ಟೂ ದುಡ್ಡು ಕಡಿಮೆ ಕೊಡಲು ಅನುಕೂಲ. ಸ್ವಂತ ಮೊಮ್ಮಗನಿಗೆ ಅಜ್ಜಿ ಹೊಲಿದರೆ ಅದು ಪ್ರೀತಿ, ಅದಕ್ಕೆ ಲೆಕ್ಕ ಬೇಡ. ಆದರೆ ಹಿಂದಿನ ಓಣಿಯ ಆಯಿಗೆ ನಮ್ಮ ಕೂಸು ಏನಾಗಬೇಕು? ಅವಳಿಗೆ ಅದು ಮಧ್ಯಾಹ್ನದ ಕೆಲಸ. ಆ ದುಡ್ಡಿನಲ್ಲಿ ಅವಳ ಬಿ.ಪಿ. ಗುಳಿಗೆ ಬರಬೇಕು, ರೀಚಾರ್ಜ್ ಆಗಬೇಕು. ಕಣ್ಣಿನ ಪೊರೆ ಬಲಿತು ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಸಾಲೆಯಿಂದ ಬರುವ ತನಕ ಕಾಯುತ್ತಾಳೆ. ಮುಂಜಾನೆ ಹೋಗುವ ಮುಂಚೆ ಆ ಹುಡುಗಿ ಹತ್ತು ಸೂಜಿ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ ಹೋಗುತ್ತದೆ. ಹತ್ತೂ ಮುಗಿದರೆ ಆ ದಿನದ ಕೆಲಸ ಬಂದ್.

"ಹಳೇ ಸೀರಿ ನಮ್ದ, ಹೊಲಿಗಿ ಅಷ್ಟ ಅವಳ್ದು, ಅದಕ್ಯಾಕ ಅಷ್ಟ ರೊಕ್ಕ?" ಎಂದು ನಮ್ಮ ಮನೆಯಲ್ಲೇ ಕೇಳಿದರು. ಹೊಲಿಗೆ ಅಷ್ಟೇ ಅವಳದು ನಿಜ. ಕೌದಿಯಲ್ಲಿ ಹೊಲಿಗೆ ಬಿಟ್ಟು ಇನ್ನೇನಿದೆ?

ಸೊಲ್ಲಾಪುರ ಜಿಲ್ಲೆಯವರಿಗೆ ಇದು ಹೊಸ ಪಾಠ ಆಗಬಾರದು. ಕಡಕ್ ಭಕ್ಕರಿ ಒಂದು ಕಾಲಕ್ಕೆ ಬರೇ ಮನೆಗೆಲಸ. ರೊಟ್ಟಿ ಬಡಿದದ್ದಕ್ಕೆ ದುಡ್ಡು ಕೇಳುವುದೇ ಅಪಮಾನ ಎನ್ನುವ ಮಂದಿ ಇದ್ದರು. ಇವತ್ತು ಅದೇ ಭಕ್ಕರಿ, ಶೇಂಗಾ ಚಟ್ನಿ ಹೆಣ್ಣುಮಕ್ಕಳ ಕೈಯಿಂದ ಪ್ಯಾಕೆಟ್ ಆಗಿ ಪುಣೆ, ಮುಂಬಯಿಗೆ ಹೋಗುತ್ತದೆ, ಎಣಿಸಿ ದುಡ್ಡು ಬರುತ್ತದೆ. ಸೊಲ್ಲಾಪುರದ ಚಾದರಕ್ಕೆ, ಟೆರಿ ಟವೆಲಿಗೆ ಜಿ.ಐ. ಗುರುತು ಸಿಕ್ಕಿದೆ. ಆಯಿಯ ಕೌದಿಗೆ ಒಂದು ಬಿಲ್ ಕೂಡ ಇಲ್ಲ.

ಸರ್ಕಾರಗಳೂ ಕೂಸಿನ ಗಂಟು ಕಟ್ಟಿವೆ. 2007ರಲ್ಲಿ ಕರ್ನಾಟಕ ಬಡ ಬಾಣಂತಿಯರಿಗೆ ಮಡಿಲು ಕಿಟ್ ಶುರು ಮಾಡಿತು. 2017ರಲ್ಲಿ ತೆಲಂಗಾಣ ಕೆಸಿಆರ್ ಕಿಟ್ ತಂದಿತು. 2019ರಲ್ಲಿ ಮಹಾರಾಷ್ಟ್ರ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಕೂಸಿಗೆ ಎರಡು ಸಾವಿರ ರೂಪಾಯಿಯ ಬೇಬಿ ಕೇರ್ ಕಿಟ್ ಘೋಷಿಸಿತು. ಎಲ್ಲದರಲ್ಲೂ ಕೂಸಿನ ಬಟ್ಟೆ ಇತ್ತು. ಒಳ್ಳೆಯ ಯೋಜನೆಗಳೇ, ಬಡವರ ಮನೆಗೆ ಆಸರೆಯಾದವು. ನನ್ನ ತಕರಾರು ಬೇರೆ. ಸೋಪು, ಎಣ್ಣೆ, ಥರ್ಮಾಮೀಟರ್ ಕಂಪನಿಯಿಂದಲೇ ಬರಬೇಕು, ಒಪ್ಪಿದೆ. ಝಬಲಾ, ಕುಲಾವಿ, ಲಂಗೋಟಿ, ದುಪ್ಪಟಿಯೂ ದೂರದಿಂದಲೇ ಬರಬೇಕೇನು? ಇಂಥ ಕಿಟ್ ಯಾವ ರಾಜ್ಯದಲ್ಲಿ, ಯಾವ ಹೆಸರಿನಲ್ಲಿ ಮತ್ತೆ ಬಂದರೂ ಅದರ ಬಟ್ಟೆಯ ಪಾಲನ್ನಾದರೂ ಆಯಾ ತಾಲೂಕಿನ ಬಚತ್ ಗಟಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಕೊಡಬೇಕು. ಕೂಲಿಯ ದರ ಮೊದಲೇ ಬರೆದಿಟ್ಟು ಕೊಡಬೇಕು.

ಇದಕ್ಕೆ ಅಡ್ಡ ಮಾತು ಬರುತ್ತದೆ, ಬರಲಿ. 2024ರಲ್ಲಿ ಮಹಾರಾಷ್ಟ್ರದಲ್ಲಿ ಸಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸವನ್ನು ಮಹಿಳಾ ಬಚತ್ ಗಟಗಳಿಗೆ ಒಪ್ಪಿಸಿದ್ದರು. ಬಟ್ಟೆ ತಡವಾಗಿ ಬಂತು, ಅಳತೆ ತಪ್ಪಿತು, ಪಾಲಕರು ಬೊಬ್ಬೆ ಹಾಕಿದರು. ಅದೇ ವರ್ಷದ ಕೊನೆಗೆ ಆ ಪದ್ಧತಿ ಬಿಟ್ಟು ಮೊದಲಿನಂತೆ ಸಾಲೆಯ ಸಮಿತಿಗಳಿಗೇ ಅಧಿಕಾರ ಕೊಡಲಾಯಿತು. ಆ ಪಾಠ ಮರೆಯಬಾರದು. ಆದರೆ ಒಂದನೇತ್ತೆಯಿಂದ ಎಂಟನೇತ್ತೆ ತನಕ ಲಕ್ಷಾಂತರ ಮಕ್ಕಳ ಚಡ್ಡಿ-ಅಂಗಿ ಅಳತೆ ಹಿಡಿಯುವುದು ಬೇರೆ, ಕಸೆ ಕಟ್ಟುವ ಝಬಲಾ ಬೇರೆ. ಹುಟ್ಟಿದ ಕೂಸಿಗೆ ಒಂದೇ ಅಳತೆ ನಡೆಯುತ್ತದೆ. ಜೂನ್ 15ಕ್ಕೇ ಬೇಕು ಎಂಬ ಗಡಿಬಿಡಿಯೂ ಇಲ್ಲ, ಕೂಸುಗಳು ವರ್ಷಪೂರ್ತಿ ಹುಟ್ಟುತ್ತವೆ. ತಾಲೂಕಿಗೊಂದು ಆಸ್ಪತ್ರೆಯಲ್ಲಿ ಸಣ್ಣದಾಗಿ ಶುರು ಮಾಡಿ ನೋಡಬಹುದು.

ಸರ್ಕಾರ ಮಾಡುವ ತನಕ ನಾವು ಕೈಕಟ್ಟಿ ಕೂಡ್ರಬೇಕಿಲ್ಲ. ಮೈಂದರ್ಗಿ, ನಾಗಣಸೂರ, ಜತ್ತ, ಇಂಡಿ, ಆಳಂದ ಎಲ್ಲ ಕಡೆ ತೊಟ್ಟಿಲು ಕಾರ್ಯಕ್ರಮ ಆಗುತ್ತಲೇ ಇರುತ್ತವೆ. ಹೋದ ಕಡೆಯಲ್ಲೆಲ್ಲ ಅದೇ ಡಬ್ಬಿ ಸೆಟ್‌ಗಳು, ಒಂದೇ ಬಣ್ಣದವು, ಒಂದರ ಮೇಲೊಂದು. ಬಹಳಷ್ಟು ಮುಂದಿನ ತೊಟ್ಟಿಲಿಗೆ ಹಾಗೇ ದಾಟುತ್ತವೆ, ಮುಚ್ಚಳ ಕೂಡ ತೆಗೆದಿರುವುದಿಲ್ಲ. ನನ್ನ ಡಬ್ಬಿಗೂ ಅದೇ ಗತಿ ಆಗಿದೆ ಎಂದು ತಂಗಿ ನಗುತ್ತ ಹೇಳಿದಳು. ಕೌದಿ ಮಾತ್ರ ಆಳಂದದ ಅವಳ ಮನೆಯಲ್ಲಿ ದಿನಾ ಒಗೆದು ಒಣಗುತ್ತಿದೆಯಂತೆ.

ಓಣಿಯಲ್ಲಿ ಹೊಲಿಯುವವರು ಯಾರಿದ್ದಾರೆ ಎಂದು ನಮಗೆಲ್ಲ ಗೊತ್ತೇ ಇರುತ್ತದೆ. ಅವರ ಹತ್ತಿರ ಹೋದಾಗ ಎಷ್ಟು ದಿನ, ಎಷ್ಟು ತಾಸು ಎಂದು ಮೊದಲು ಕೇಳಿ, ಆಮೇಲೆ ರೇಟಿನ ಮಾತು ತೆಗೆಯಿರಿ. ಇಷ್ಟೇ ನನ್ನ ವಿನಂತಿ.

ಮೊನ್ನೆ ಆಯಿಯ ಮನೆಗೆ ಹೋಗಿದ್ದೆ. ಉಳಿದ 636 ರೂಪಾಯಿ ಕೊಡಲು ಹೋದರೆ ಮುಟ್ಟಲಿಲ್ಲ. "ಮುಗದ ಮಾತ ಯಾಕ ತೆಗೀತಿ ತಮ್ಮಾ" ಎಂದಳು. ಗೆಳೆಯನ ಮನೆಯಲ್ಲಿ ಕೂಸು ಹುಟ್ಟಿದೆ, ಇನ್ನೊಂದು ಕೌದಿ ಬೇಕು, ಸಾವಿರ ರೂಪಾಯಿ ಕೊಡುತ್ತೇವೆ ಎಂದೆ. ಆಯಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿ, "ಹಂಗಾರ ಐದನೂರ ಮುಂಗಡ ಕೊಡು. ಸೀರಿ ಕಾಟನ್ನಿನ್ವ ತಾ, ಟೆರಿಕಾಟ್ ತಂದಿ ಅಂದ್ರ ಹೊಲಿಯೂದಿಲ್ಲ ನೋಡು" ಎಂದಳು.