ಟಿಕೀಟು ಕೊಂಡ ಅನುಭವ

ಬರ್ಲಿನ್ನಿನಲ್ಲಿ ಕೆಲಸದಲ್ಲಿರುವ ಮಗನ ಮನೆಯಲ್ಲಿ ಒಂದು ತಿಂಗಳಿದ್ದು ಬಂದ ಮಿತ್ರರೊಬ್ಬರು ಮೊನ್ನೆ ಕಾಫಿಯ ವೇಳೆಗೆ ನಮ್ಮಲ್ಲಿಗೆ ಬಂದರು. ಮಾತಿನ ನಡುವೆ, "ಕಮ್ಯೂನಿಸ್ಟರ ಆಡಳಿತದಲ್ಲಿ ಜನ ಹೇಗೆ ಬದುಕುತ್ತಿದ್ದರೆಂದು ನಾನು ಇನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ ಸ್ವಾಮಿ. ಎರಡು ಗಂಟೆ ಅದರೊಳಗೇ ಇದ್ದು ಬಂದೆ" ಎಂದರು. ಮನೆಗೆ ಬಂದವರ ಜೊತೆ ಜಗಳವೇಕೆಂದು ಆಗ ಸುಮ್ಮನಿದ್ದೆ. ಅವರು ಹೋದ ಮೇಲೆ ಸುಮ್ಮನಿರಲಾಗಲಿಲ್ಲ.

ಅವರು ಹೋದದ್ದು ಸ್ಪ್ರೀ ನದಿಯ ದಡದಲ್ಲಿ, ಬರ್ಲಿನ್ನಿನ ದೊಡ್ಡ ಚರ್ಚಿನ ಎದುರಿಗಿರುವ ಡಿಡಿಆರ್ ಮ್ಯೂಸಿಯಮ್ಮಿಗೆ. ಡಿಡಿಆರ್ ಎಂದರೆ 1949ರಿಂದ 1990ರವರೆಗೆ ಇದ್ದ ಪೂರ್ವ ಜರ್ಮನಿ. ಖಾಸಗಿಯವರು 2006ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಮುಟ್ಟುವುದೇ ಧರ್ಮ. ಡ್ರಾಯರುಗಳನ್ನು ಎಳೆದು ನೋಡಬಹುದು. ಕಾಂಕ್ರೀಟಿನ ಹಲಗೆಗಳನ್ನು ಜೋಡಿಸಿ ಕಟ್ಟುತ್ತಿದ್ದ ಅಂದಿನ ಮನೆಯೊಂದರ ಪ್ರತಿಕೃತಿಯೊಳಗೆ ಓಡಾಡಿ ಅಡಿಗೆಮನೆಯ ಕಪಾಟು ತೆರೆಯಬಹುದು. ಟ್ರಾಬಾಂಟ್ ಕಾರಿನಲ್ಲಿ ಕುಳಿತು, ತೆರೆಯ ಮೇಲೆ ಮೂಡುವ ಬೀದಿಯಲ್ಲಿ ಅದನ್ನು ಓಡಿಸಬಹುದು. ವಿಚಾರಣೆಯ ಕೋಣೆಯೂ ಉಂಟು, ಸೆರೆಮನೆಯ ಕೋಣೆಯೂ ಉಂಟು.

ಮೊದಲೇ ಒಂದು ಮಾತನ್ನು ಒಪ್ಪಿಬಿಡುತ್ತೇನೆ. ಜನರ ದಿನಬಳಕೆಯ ಸಾಮಾನೂ ಚರಿತ್ರೆಯೇ. ಗೋಡೆ ಬಿದ್ದ ಮೇಲೆ ತಮ್ಮ ನಲವತ್ತು ವರ್ಷದ ಬಾಳನ್ನೆಲ್ಲ ಪಶ್ಚಿಮದವರು ಕಸವೆಂದು ಗುಡಿಸಿಹಾಕಿದರೆಂಬ ಕೊರಗು ಪೂರ್ವದವರಲ್ಲಿ ಉಂಟು. ಅದು ಬರಿಯ ಕೊರಗಲ್ಲ. ಆ ದೇಶದಲ್ಲೂ ಮದುವೆಗಳಾದವು, ಮಕ್ಕಳು ಹುಟ್ಟಿದರು, ಬೇಸಗೆಯಲ್ಲಿ ಜನ ಬಾಲ್ಟಿಕ್ ಸಮುದ್ರದ ದಂಡೆಗೆ ಹೋಗಿ ನಕ್ಕು ನಲಿದರು. ಇದರ ನೆನಪನ್ನು ಕಾಪಾಡಿ ಇಟ್ಟದ್ದಕ್ಕೆ ನನ್ನ ತಕರಾರಿಲ್ಲ. "ಇದ್ದು ಬಂದೆ" ಎಂಬ ಮಾತಿನ ಮೇಲೆ ನನ್ನ ತಕರಾರು. ನೋಡುವವನಿಗೆ ಹಾಗೆಂದು ಭ್ರಮೆ ಹುಟ್ಟಿಸುವ ಪ್ರದರ್ಶನಗಳ ಮೇಲೆ ನನ್ನ ತಕರಾರು.

ಮಿತ್ರರಿಗೆ ಎಲ್ಲಕ್ಕಿಂತ ನಗು ಬಂದದ್ದು ಆ ಕಾರನ್ನು ಕಂಡು. ಹತ್ತಿಯ ನಾರನ್ನು ರಾಳದೊಡನೆ ಅದುಮಿ ಮಾಡಿದ ಮೈ, 26 ಕುದುರೆಶಕ್ತಿಯ ಎಂಜಿನ್ನು. ಅದಕ್ಕೂ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೀರಿ ಕಾಯಬೇಕಾಗಿತ್ತು! "ಇದೇ ನೋಡಿ ಕಮ್ಯೂನಿಸಂ" ಎಂದರು. ಸ್ಕೂಟರಿಗೆ ಹೆಸರು ಬರೆಸಿ ನಮ್ಮವರು ಎಷ್ಟು ವರ್ಷ ಕಾದರು? ಟೆಲಿಫೋನಿಗೆ? ಗ್ಯಾಸಿಗೆ? ಸೀಮೆಎಣ್ಣೆಯ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರು ಯಾರು? ಈ ಮಿತ್ರರೇ, ಅವರ ಹಿಂದೆ ನಾನು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಬುದ್ಧಿ ನಮ್ಮದು.

ಸಾಮಾನಿನ ಬಡತನವೇ ದಬ್ಬಾಳಿಕೆಯ ಗುರುತಾದರೆ ನಾವೂ ಅದರಲ್ಲೇ ಬೆಳೆದವರೆನ್ನಬೇಕು. ಆದರೆ ನಾವು ಸಾಲಿನಲ್ಲಿ ನಿಂತೇ ಸರಕಾರವನ್ನು ಬಾಯಿತುಂಬ ಬೈಯುತ್ತಿದ್ದೆವು; ಮನೆಗೆ ಬಂದು ಪತ್ರಿಕೆಗೆ ಕಾಗದ ಬರೆಯುತ್ತಿದ್ದೆವು; ಚುನಾವಣೆ ಬಂದಾಗ ಸೇಡು ತೀರಿಸಿಕೊಳ್ಳುತ್ತಿದ್ದೆವು. ಪೂರ್ವ ಜರ್ಮನಿಯವನ ನಿಜವಾದ ಕೊರತೆ ಒಳ್ಳೆಯ ಕಾರಿನದಲ್ಲ, ಈ ಬೈಗುಳದ್ದು.

ಅಲ್ಲಿಯ ಕೇಡು ಕಪಾಟಿನಲ್ಲಿ ಸಿಕ್ಕುವಂಥದಲ್ಲ. 1961ರ ಆಗಸ್ಟ್ 13ರಂದು ಸರಕಾರ ಬರ್ಲಿನ್ನಿನ ನಡುವೆ ಮುಳ್ಳುತಂತಿ ಎಳೆಯಿತು. ಆಮೇಲೆ ಅದೇ ಗೋಡೆಯಾಯಿತು. 1989ರ ನವೆಂಬರ್ 9ರಂದು ಅದು ತೆರೆಯುವ ತನಕ ಅಲ್ಲಿ ಪ್ರಾಣ ಕಳೆದುಕೊಂಡವರು ಕಡಿಮೆಯೆಂದರೂ 140 ಜನ. ಒಟ್ಟು ಜನಸಂಖ್ಯೆ 1 ಕೋಟಿ 60 ಲಕ್ಷದಷ್ಟಿದ್ದ ಆ ದೇಶದಲ್ಲಿ, ಸ್ಟಾಸಿ ಎಂಬ ಗುಪ್ತ ಪೋಲೀಸಿನ ಸಂಬಳದ ನೌಕರರೇ ಕೊನೆಗಾಲದಲ್ಲಿ ಸುಮಾರು 91,000. ನೆರೆಯವರ, ಗೆಳೆಯರ ಸುದ್ದಿಯನ್ನು ಅವರಿಗೆ ಗುಟ್ಟಾಗಿ ಮುಟ್ಟಿಸುತ್ತಿದ್ದವರು 1,70,000ಕ್ಕೂ ಮೇಲೆ. 1992ರಿಂದ ಆ ಕಡತಗಳನ್ನು ಆಯಾ ಜನರೇ ಓದಬಹುದೆಂದಾಯಿತು. ಆ ದಿನಗಳಲ್ಲಿ ವೆರಾ ವೊಲೆನ್‌ಬರ್ಗರ್ ಎಂಬ ಪಾರ್ಲಿಮೆಂಟಿನ ಸದಸ್ಯೆಗೆ, ತನ್ನ ಮೇಲೆ ವರದಿ ಕಳುಹಿಸುತ್ತಿದ್ದವನು ತನ್ನ ಗಂಡನೇ ಎಂಬುದು ತಿಳಿಯಿತು. ಆಕೆಯ ಮನೆಯಲ್ಲೂ ಕುರ್ಚಿ ಮೇಜು, ಕಾಫಿಯ ಬಟ್ಟಲು ಇದ್ದಿರಬೇಕು. ಅಂಥವನ್ನು ತಂದು ಜೋಡಿಸಿಡಬಹುದು. ಎದುರಿಗೆ ಕುಳಿತು ಕಾಫಿ ಕುಡಿಯುತ್ತಿದ್ದ ಗಂಡನ ಮೌನವನ್ನು ಯಾವ ಡ್ರಾಯರಿನಲ್ಲಿಡುತ್ತೀರಿ?

ಮ್ಯೂಸಿಯಮ್ಮಿನವರು ಇದನ್ನು ಮರೆತಿಲ್ಲ ಎಂದು ಮಿತ್ರರು ಹೇಳಬಹುದು. ನಿಜ, ಕದ್ದು ಕೇಳುವುದು ಹೇಗಿತ್ತೆಂಬುದನ್ನೂ ಅಲ್ಲಿ ತೋರಿಸಿದ್ದಾರೆ. ಆದರೆ ಆಟವೆಂದ ಮೇಲೆ ಅದರಲ್ಲಿ ಖುಷಿಯೇ ಮೇಲಾಗುತ್ತದೆ. ಇನ್ನೊಬ್ಬರ ಮಾತಿಗೆ ಕಿವಿಗೊಟ್ಟು ನಕ್ಕವನು ಕೇಳಿಸಿಕೊಂಡವನ ಪಾತ್ರ ಆಡಿದನೇ ಹೊರತು, ಕೇಳಿಸಿಕೊಳ್ಳಲ್ಪಟ್ಟವನ ಭಯವನ್ನು ಪಡಲಿಲ್ಲ. ಸೆರೆಯ ಕೋಣೆಯಲ್ಲಿ ನಿಂತು ಮಿತ್ರರು ಫೋಟೋ ತೆಗೆಸಿಕೊಂಡಿದ್ದಾರೆ, ಚೆನ್ನಾಗಿಯೇ ಬಂದಿದೆ. ಆಗ ಅವರ ಜೇಬಿನಲ್ಲಿ ಪಾಸ್‌ಪೋರ್ಟಿತ್ತು, ಹೊರಗೆ ಮಗ ಕಾದಿದ್ದ, ಬಾಗಿಲಿಗೆ ಬೀಗವಿರಲಿಲ್ಲ. ಈ ಮೂರೂ ಇಲ್ಲದಿರುವುದಕ್ಕೇ ಸೆರೆಯೆಂದು ಹೆಸರು.

ಹಾಗಾದರೆ ಏನನ್ನೂ ತೋರಿಸಬಾರದೆ? ತೋರಿಸಬೇಕು. ಅದೇ ಬರ್ಲಿನ್ನಿನ ಹೊಹೆನ್‌ಶೋನ್‌ಹೌಸನ್ ಎಂಬಲ್ಲಿ ಸ್ಟಾಸಿಯ ನಿಜವಾದ ಬಂದೀಖಾನೆಯೇ ಸ್ಮಾರಕವಾಗಿದೆ. ಅಲ್ಲಿ ದಾರಿ ತೋರಿಸಿದವರಲ್ಲಿ ಅನೇಕರು ಹಿಂದೆ ಅಲ್ಲಿಯೇ ಸೆರೆಯಲ್ಲಿದ್ದವರು. ಅಲ್ಲಿ ಯಾರೂ ನಿಮ್ಮನ್ನು ಖೈದಿಯ ವೇಷ ಹಾಕಿರೆನ್ನುವುದಿಲ್ಲ. ಅನುಭವಿಸಿದವನು ಹೇಳುತ್ತಾನೆ, ಅನುಭವಿಸದವನು ಕೇಳುತ್ತಾನೆ. ಹೊರಗೆ ಬರುವಾಗ "ನನಗೆ ಗೊತ್ತಾಯಿತು" ಎಂಬ ಬಿಗುಮಾನಕ್ಕಿಂತ "ನನಗೆ ಗೊತ್ತಿರಲಿಲ್ಲ" ಎಂಬ ಸಂಕೋಚ ಬಂದರೆ, ಅದೇ ಪ್ರವಾಸದ ಲಾಭ.

ಇದು ದೂರದೇಶದ ಮಾತೆಂದು ವಾಚಕರು ಪುಟ ಮಗುಚಬಾರದು. ಸರಕಾರವನ್ನು ಬೈಯುವ ಸ್ವಾತಂತ್ರ್ಯವಿತ್ತೆಂದು ಮೇಲೆ ಹೆಮ್ಮೆಪಟ್ಟೆನಲ್ಲ, 1975ರ ಜೂನಿನಿಂದ 21 ತಿಂಗಳು ಅದು ನಮಗೂ ಇರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರು ಬಂತು. ವಿರೋಧಿಗಳು ಜೈಲಿಗೆ ಹೋದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವು ಕಂಡ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳಿದ ಆಕೆ 1977ರ ಜನವರಿಯಲ್ಲಿ, ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಹಳೆಯ ಜೈಲು ಈಗ ಫ್ರೀಡಂ ಪಾರ್ಕ್. ಸಂಜೆಯ ಹೊತ್ತು ಜನ ಅಲ್ಲಿ ತಿರುಗಾಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಇಲ್ಲಿ ಇದ್ದವರು ಯಾರು, ಏತಕ್ಕಿದ್ದರು ಎಂದು ಮಕ್ಕಳಿಗೆ ಹೇಳುವ ತಂದೆತಾಯಿ ಎಷ್ಟು ಮಂದಿ?

ಬರುವ ಭಾನುವಾರ ಮಿತ್ರರನ್ನು ಅಲ್ಲಿಗೆ ಕರೆದಿದ್ದೇನೆ. ಕ್ಯಾಮರಾ ಮನೆಯಲ್ಲೇ ಇರಲಿ ಎಂದಿದ್ದೇನೆ.