ಎರಡನೆಯ ಆಳು

ಹೆಬ್ಬಾವು ಸಾಧುಪ್ರಾಣಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಿಕೊಳ್ಳುತ್ತೇನೆ. ಅದು ಸಾಕಿದವರನ್ನು ಪ್ರೀತಿಸುತ್ತದೆ ಎಂದರೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ.

ಮಕ್ಕಳಿಗೆ ಪಾಠ ಹೇಳುವವಳಿಗೆ ಹಾವಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್ ಹಾವುಗಳು ಸಿಕ್ಕವು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಕೊಳ್ಳುವವರಿಲ್ಲದೆ ಯಾರೂ ಇಂಥ ಸರಕು ತರುವುದಿಲ್ಲ. ಕೊಳ್ಳುವವರು ನಮ್ಮ ನಿಮ್ಮಂಥವರ ಮನೆಯ ಹುಡುಗರೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದಾಗ ಗೆಳೆಯನ ಮನೆಯ ಹಾವನ್ನು ಮೊಬೈಲಿನಲ್ಲಿ ತೋರಿಸಿ, "ಮಿಸ್, ಅವನ ಮೈಮೇಲೇ ಮಲಗುತ್ತೆ, ಅಷ್ಟು ಪ್ರೀತಿ" ಎಂದ. "ಪ್ರೀತಿಯಲ್ಲ ಕಣೋ, ಚಳಿ" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಹಾವಿನ ಮೈಗೆ ತನ್ನದೇ ಬಿಸಿಯಿಲ್ಲ. ಬೆಚ್ಚಗಿರುವ ಕಲ್ಲಾದರೂ ಸರಿ, ಮನುಷ್ಯನ ತೊಡೆಯಾದರೂ ಸರಿ, ಅದಕ್ಕೆ ಒಂದೇ. ಪದೇ ಪದೇ ಎತ್ತಿದರೆ ಮನುಷ್ಯರ ಕೈ ಅದಕ್ಕೆ ರೂಢಿಯಾಗುತ್ತದೆ, ಹೆದರಿ ಬುಸುಗುಟ್ಟುವುದನ್ನು ಬಿಡುತ್ತದೆ. ಇದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ರೂಢಿ ಬೇರೆ, ಒಲವು ಬೇರೆ. ತಾಯಂದಿರಿಗೆ ಅರ್ಥವಾಗುವ ಮಾತೊಂದನ್ನು ಹೇಳುತ್ತೇನೆ. ಬರ್ಮಾ ಹೆಬ್ಬಾವಿನ ತಾಯಿ ಎರಡು ತಿಂಗಳು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು, ಮೈ ನಡುಗಿಸಿ ಬಿಸಿ ಹುಟ್ಟಿಸಿ ಕಾವು ಕೊಡುತ್ತದೆ. ಎಂಥ ತಪಸ್ಸು! ಆದರೆ ಮರಿ ಹೊರಬಂದ ಮೇಲೆ ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ. ಹೆತ್ತ ಮರಿಯ ಜೊತೆಗೇ ಸಂಸಾರ ಹೂಡದ ಜೀವ, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವನ ಜೊತೆ ಹೂಡೀತೇ?

ಇದು ಹಾವಿನ ದೋಷವಲ್ಲ. ಅದನ್ನು ನಾಯಿಯೆಂದು ತಿಳಿದವರ ದೋಷ. ನಾಯಿ ಸಿಟ್ಟಾದರೆ ಗುರ್ರೆನ್ನುತ್ತದೆ, ಕಿವಿ ಹಿಂದಕ್ಕೆ ಹಾಕುತ್ತದೆ. ಹಸಿದ ಹೆಬ್ಬಾವಿಗೆ ಸಿಟ್ಟೇ ಇಲ್ಲ. ಅದರ ತುಟಿಯ ಅಂಚಿನ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ, ನಾಲಿಗೆ ವಾಸನೆಯನ್ನು ಹಿಡಿಯುತ್ತದೆ. ಇಲಿಯನ್ನೋ ಕೋಳಿಯನ್ನೋ ಮುಟ್ಟಿದ ಬೆಚ್ಚಗಿನ ಕೈ ಪೆಟ್ಟಿಗೆಯೊಳಗೆ ಬಂದರೆ ಅದು ಯಜಮಾನನ ಕೈಯಲ್ಲ, ಊಟ. ಆದ್ದರಿಂದಲೇ ಬಲ್ಲವರು ಕೈ ತೊಳೆಯದೆ ಹಾವನ್ನು ಮುಟ್ಟುವುದಿಲ್ಲ. ಮೊದಲು ಕೊಕ್ಕೆಯಿಂದ ಮೈ ಸವರಿ, ಬಂದದ್ದು ಊಟವಲ್ಲ ಎಂದು ತಿಳಿಸುತ್ತಾರೆ. ತಲೆಯ ಮೇಲಿನಿಂದ ಕೈ ಇಳಿಸದೆ ಪಕ್ಕದಿಂದ ಎತ್ತುತ್ತಾರೆ, ಮೈಯ ಭಾರವನ್ನೆಲ್ಲ ಆಧರಿಸುತ್ತಾರೆ. ಉಂಡ ಮೇಲೆ ಎರಡು ದಿನವಾದರೂ ಮುಟ್ಟುವುದಿಲ್ಲ, ಮುಟ್ಟಿದರೆ ಕಕ್ಕಿಬಿಡುತ್ತದೆ. ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿ ಸರಿಯಾಗಿ ಕಾಣಿಸದ ದಿನಗಳಲ್ಲಿ ತಂಟೆಗೇ ಹೋಗುವುದಿಲ್ಲ. ಕುತ್ತಿಗೆಗೆ ಹಾರದಂತೆ ಎಂದೂ ಹಾಕಿಕೊಳ್ಳುವುದಿಲ್ಲ. ಸುತ್ತಿಕೊಂಡರೆ ಬಾಲದ ಕಡೆಯಿಂದ ಬಿಡಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಏಳೆಂಟು ಅಡಿ ದಾಟಿದ ಹೆಬ್ಬಾವನ್ನು ಒಬ್ಬರೇ ಎತ್ತಬಾರದು, ಕೋಣೆಯಲ್ಲಿ ಎರಡನೆಯ ಆಳು ಇರಲೇಬೇಕು. ಯಾಕೆಂದರೆ ಆ ಸುತ್ತು ನಾವು ತಿಳಿದಂತೆ ನಿಧಾನವಾಗಿ ಉಸಿರುಗಟ್ಟಿಸುವುದಲ್ಲ. ಬೋವಾ ಹಾವುಗಳ ಮೇಲೆ ನಡೆದ ಸಂಶೋಧನೆ 2015ರಲ್ಲಿ ಪ್ರಕಟವಾಯಿತು. ಸುತ್ತು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತದ ಓಟವೇ ನಿಂತುಹೋಗುತ್ತದೆ ಎಂದು ಅದು ತೋರಿಸಿತು. 2017ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ 31 ವರ್ಷದ ಯುವಕನೊಬ್ಬ ತಾನು ಮರಿಯಿಂದ ಸಾಕಿದ, ಎಂಟಡಿಯ ಆಫ್ರಿಕದ ಹೆಬ್ಬಾವಿನಿಂದ ತನ್ನ ಕೋಣೆಯಲ್ಲೇ ಸತ್ತ. ಹಾವುಗಳನ್ನು ಬಲ್ಲವನೇ ಆತ. ತಾಯಿ ಅದೇ ಮನೆಯಲ್ಲಿದ್ದಳು.

ಈಗ ಸೋದರಿಯರೇ, ನನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಆ ಎರಡನೆಯ ಆಳು ಯಾರು? ಹವ್ಯಾಸ ಮಗನದು, ಫೋಟೋ ಮಗನದು. ಅವನು ಆಫೀಸಿಗೆ ಹೋದ ಮೇಲೆ ದೀಪದ ಶಾಖ ನೋಡುವವಳು, ನೀರು ಬದಲಿಸುವವಳು, ಹೇಸಿಗೆ ತೆಗೆಯುವವಳು, ಮೊಮ್ಮಗು ಆ ಕೋಣೆಗೆ ನುಗ್ಗದಂತೆ ಕಾಯುವವಳು ಯಾರು? ಚಿಲಕ ಹಾಕಿದೆಯೇ ಎಂದು ರಾತ್ರಿ ಎದ್ದು ನೋಡುವವಳು ಯಾರು? ಅವಳನ್ನು ಯಾರೂ ಕೇಳಿರುವುದಿಲ್ಲ. ಅವಳು ಬೇಡವೆಂದರೆ ಹಳೇ ಕಾಲದ ಹೆಂಗಸು, ಹೆದರುಪುಕ್ಕಲಿ.

2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಎರಡು ವರ್ಷದ ಹೆಣ್ಣುಮಗುವೊಂದು ತೊಟ್ಟಿಲಿನಲ್ಲೇ ಮನೆಯ ಬರ್ಮಾ ಹೆಬ್ಬಾವಿಗೆ ಬಲಿಯಾಯಿತು. ಹಾವಿನ ತೊಟ್ಟಿಗೆ ಮುಚ್ಚಳವಿರಲಿಲ್ಲ, ಕೌದಿ ಹೊದಿಸಿದ್ದರು. ಹಾವಿಗೆ ಹೊಟ್ಟೆತುಂಬ ಆಹಾರವೂ ಸಿಕ್ಕಿರಲಿಲ್ಲ. 2011ರಲ್ಲಿ ನ್ಯಾಯಾಲಯ ತಾಯಿಗೂ ಅವಳ ಸಂಗಾತಿಗೂ 12 ವರ್ಷ ಜೈಲು ವಿಧಿಸಿತು. ತಾಯಿಗೂ ಎಂಬ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಇಂಥ ಸಾವುಗಳು ಅಪರೂಪವೆಂದು ಹಾವು ಸಾಕುವವರು ವಾದಿಸುತ್ತಾರೆ. ಅಪರೂಪವೇ, ಒಪ್ಪಿದೆ. ಆದರೆ ಅಪರೂಪವಾಗಿ ಉಳಿಯುವುದು ಯಾರೋ ಒಬ್ಬರು ದಿನವೂ ಎಚ್ಚರವಾಗಿರುವುದರಿಂದ. ಆ ಎಚ್ಚರಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ.

ಹಾವಿಗಾದರೂ ಇದರಿಂದ ಸುಖವುಂಟೇ? ಎರಡಡಿಯೂ ಇಲ್ಲದ ಬರ್ಮಾ ಹೆಬ್ಬಾವಿನ ಮರಿ ಕೆಲವೇ ವರ್ಷಗಳಲ್ಲಿ ಹತ್ತಡಿ ಮೀರುತ್ತದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಹುಡುಗನಿಗೆ ಮದುವೆಯಾಗುತ್ತದೆ, ವರ್ಗವಾಗುತ್ತದೆ, ಮನೆ ಬದಲಾಗುತ್ತದೆ. ಹಾವು ಎಲ್ಲಿಗೆ ಹೋಗಬೇಕು? ಫ್ಲಾರಿಡಾದಲ್ಲಿ ಅಂಥವನ್ನು ಎವರ್‌ಗ್ಲೇಡ್ಸ್ ಜೌಗಿಗೆ ಬಿಟ್ಟರು. ಅಲ್ಲಿ ಅವು ಸಂಸಾರ ಬೆಳೆಸಿ, ಕಾಡಿನ ಪ್ರಾಣಿಗಳನ್ನು ನುಂಗಿದವು. ಅಲ್ಲಿ ರಕೂನ್ ಪ್ರಾಣಿ ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟು ಕಡಿಮೆಯಾಗಿದೆಯೆಂದು 2012ರ ಅಧ್ಯಯನವೊಂದು ಹೇಳಿತು. ಅದೇ ವರ್ಷ ಅಮೆರಿಕ ಸರ್ಕಾರ ಬರ್ಮಾ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನಮ್ಮಲ್ಲಿ ದೇಶದ ಹೆಬ್ಬಾವನ್ನು ಮನೆಯಲ್ಲಿಟ್ಟುಕೊಳ್ಳುವುದು ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಪರದೇಶದ ಹಾವಿಗೆ 2024ರ ನಿಯಮಗಳಂತೆ ನೋಂದಣಿ ಬೇಕು. ಆದರೆ ನೋಂದಣಿಯ ಕಾಗದ ಚಿಲಕವನ್ನು ಭದ್ರಮಾಡುವುದಿಲ್ಲ.

ನಮ್ಮ ಅಜ್ಜಿಯರು ಹುತ್ತಕ್ಕೆ ತನಿ ಎರೆದು ಕೈಮುಗಿದು ಮನೆಗೆ ಬರುತ್ತಿದ್ದರು. ಹುತ್ತವನ್ನು ಮನೆಗೆ ತರುತ್ತಿರಲಿಲ್ಲ. ಹಾವು ಹಾಲು ಕುಡಿಯುವುದಿಲ್ಲವೆಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ, ಅದೂ ಸರಿ. ಆದರೆ ಅಜ್ಜಿಯರಿಗೆ ಒಂದು ಗೊತ್ತಿತ್ತು. ಕೆಲವು ಜೀವಗಳಿಗೆ ನಾವು ಕೊಡಬಹುದಾದ ದೊಡ್ಡ ಮರ್ಯಾದೆಯೆಂದರೆ ದೂರ ನಿಲ್ಲುವುದು.

ಆದ್ದರಿಂದ ಮಗ ಗಾಜಿನ ಪೆಟ್ಟಿಗೆಯ ಬೆಲೆ ವಿಚಾರಿಸುವ ದಿನವೇ ಕೇಳಿ, "ಎರಡನೆಯ ಆಳು ಯಾರಪ್ಪಾ?" ಎಂದು. ಉತ್ತರ ನೀವೇ ಆಗಿದ್ದರೆ, ಆಗುವುದಿಲ್ಲ ಎಂದುಬಿಡಿ. ಅದಕ್ಕೆ ಹೆದರಿಕೆಯ ಕಾರಣ ಬೇಕಿಲ್ಲ. ಒಪ್ಪಿಗೆ ಕೇಳದೆ ಹೊರಿಸಿದ ಕೆಲಸ ಎಂಬ ಕಾರಣವೇ ಸಾಕು.