ಗೊಬ್ಬರದ ಅಂಗಡಿಯ ಯಂತ್ರಕ್ಕೆ ಎರಡು ದಾರಿ ಬೇಕು



ಮುಸುಕಿನ ಜೋಳ ಮೊಣಕಾಲೆತ್ತರ ಬೆಳೆದಾಗ, ಅಂದರೆ ಬಿತ್ತಿದ ಸುಮಾರು 30 ದಿವಸಗಳಿಗೆ, ಮೇಲುಗೊಬ್ಬರವಾಗಿ ಯೂರಿಯಾ ಕೊಡಬೇಕೆಂಬುದು ನಿಮಗೆ ತಿಳಿದ ವಿಷಯ. ಮಳೆಯಾಶ್ರಯದ ಜಮೀನಿನಲ್ಲಿ ಆ ದಿನವನ್ನು ಗೊತ್ತುಮಾಡುವುದು ಮಳೆಯೇ. ನೆಲದಲ್ಲಿ ಹದವಿರುವ ಎರಡು ಮೂರು ದಿವಸಗಳೊಳಗೆ ಗೊಬ್ಬರ ಸಾಲಿಗೆ ಬಿದ್ದು ಮಣ್ಣಿನಲ್ಲಿ ಮುಚ್ಚಿದರೆ ಬೆಳೆಗೆ ದಕ್ಕುತ್ತದೆ. ಮಣ್ಣಿನ ಮೇಲೆ ಹಾಗೆಯೇ ಬಿಟ್ಟ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಇಂಥ ದಿನ ನೀವು ಸಹಕಾರ ಸಂಘದ ಅಂಗಡಿಗೆ ಹೋಗುತ್ತೀರಿ. ಗೋದಾಮಿನಲ್ಲಿ ಮೂಟೆಗಳಿವೆ, ಕಾರ್ಯದರ್ಶಿಗಳು ಇದ್ದಾರೆ, ನಿಮ್ಮ ಕೈಯಲ್ಲಿ ಹಣವೂ ಇದೆ. ಆದರೆ "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಬರುತ್ತದೆ. ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು, ಮತ್ತು ತಪ್ಪಿಸುವ ಕೆಲಸದಲ್ಲಿ ಸಂಘದ ಸದಸ್ಯರಾದ ನಿಮ್ಮ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಯಂತ್ರ ಏಕೆ ಬಂತೆಂಬುದನ್ನು ನೋಡೋಣ. 45 ಕಿಲೋ ಯೂರಿಯಾ ಮೂಟೆಯ ಗರಿಷ್ಠ ಮಾರಾಟ ಬೆಲೆ, ಬೇವಿನ ಲೇಪನದ ಖರ್ಚು ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ತಯಾರಿಕೆಯ ವೆಚ್ಚ ಇದಕ್ಕಿಂತ ಎಷ್ಟೋ ಹೆಚ್ಚು. ವ್ಯತ್ಯಾಸವನ್ನು ಕೇಂದ್ರ ಸರ್ಕಾರ ಸಹಾಯಧನವಾಗಿ ಕಂಪನಿಗಳಿಗೆ ಕೊಡುತ್ತದೆ. ಹಿಂದೆ ಗೊಬ್ಬರ ಜಿಲ್ಲೆಗೆ ತಲುಪಿದ ಲೆಕ್ಕದ ಮೇಲೆ ಈ ಹಣ ಸಲ್ಲುತ್ತಿತ್ತು. 2016ರ ಅಕ್ಟೋಬರ್‌ನಿಂದ ಕೆಲವು ಜಿಲ್ಲೆಗಳಲ್ಲಿ, 2018ರ ಮಾರ್ಚ್ ಹೊತ್ತಿಗೆ ದೇಶದಾದ್ಯಂತ, ಅಂಗಡಿಯಲ್ಲಿ ನಡೆದ ಮಾರಾಟ ಪಿಓಎಸ್ ಯಂತ್ರದಲ್ಲಿ ದಾಖಲಾದ ಮೇಲೆಯೇ ಸಹಾಯಧನ ಎಂಬ ಪದ್ಧತಿ ಜಾರಿಗೆ ಬಂತು. ನೀವು ಬೆರಳಿಟ್ಟ ಕೂಡಲೇ ಆ ಗುರುತು ಆಧಾರ್ ಕೇಂದ್ರಕ್ಕೆ ಹೋಗಿ, ತಾಳೆಯಾಗಿ, ಒಪ್ಪಿಗೆ ಮರಳಿ ಬಂದರೆ ಮಾತ್ರ ರಸೀದಿ ಹೊರಬರುತ್ತದೆ. ಆದ್ದರಿಂದ ತಂತಿಯೋ ತರಂಗವೋ ಕಡಿದರೆ ಗೋದಾಮು ತುಂಬಿದ್ದರೂ ಮಾರಾಟ ನಿಂತಂತೆ.

ಕೆಲವು ಕಡೆ ಇದಕ್ಕೊಂದು ಅಡ್ಡದಾರಿಯನ್ನು ಕಂಡುಕೊಂಡಿದ್ದಾರೆ. ಮೂಟೆಯನ್ನು ಈಗ ಪುಸ್ತಕದಲ್ಲಿ ಬರೆದು ಕೊಡುವುದು, ಯಂತ್ರಕ್ಕೆ ಆಮೇಲೆ ಸಿಕ್ಕವರ ಬೆರಳಿನಿಂದ ಏರಿಸುವುದು. ಅವಸರದಲ್ಲಿ ಇದು ಉಪಕಾರವೆಂದೇ ಕಾಣುತ್ತದೆ. ಆದರೆ ಏರಿಸುವ ತನಕ ಮಾರಿದ ಗೊಬ್ಬರ ಯಂತ್ರದ ಲೆಕ್ಕದಲ್ಲಿ ದಾಸ್ತಾನಾಗಿಯೇ ಉಳಿಯುತ್ತದೆ. ಗೋದಾಮು ಬರಿದಾಗಿದ್ದರೂ ಮೇಲಿನ ಅಧಿಕಾರಿಗಳಿಗೆ ನಿಮ್ಮೂರಿನಲ್ಲಿ ಗೊಬ್ಬರವಿದೆ ಎಂದೇ ಕಾಣುತ್ತದೆ. ಮುಂದಿನ ಲಾರಿ ಬೇರೆ ಕಡೆಗೆ ತಿರುಗಲು ಇಷ್ಟು ಸಾಕು. ಮೇಲಾಗಿ ನೀವು ಕೊಳ್ಳದ ಹತ್ತು ಮೂಟೆ ನಿಮ್ಮ ಹೆಸರಿನಲ್ಲಿ ದಾಖಲಾದರೆ ನಾಳೆ ಉತ್ತರ ಹೇಳಬೇಕಾದವರು ನೀವು. ರಸೀದಿಯಿಲ್ಲದೆ ಮೂಟೆ ಎತ್ತಬೇಡಿ, ಇನ್ನೊಬ್ಬರ ಮೂಟೆಗೆ ಬೆರಳನ್ನೂ ಕೊಡಬೇಡಿ.

2025ರ ಮುಂಗಾರಿನಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯೂರಿಯಾಕ್ಕಾಗಿ ರೈತರು ಸಾಲು ನಿಂತದ್ದನ್ನು ನೀವು ಬಲ್ಲಿರಿ. ಆ ಕೊರತೆಗೆ ನೆಟ್‌ವರ್ಕ್ ಕಾರಣವೆಂದು ನಾನು ಹೇಳುತ್ತಿಲ್ಲ. ಇಲ್ಲದ ಗೊಬ್ಬರವನ್ನು ಯಾವ ತಂತಿಯೂ ತರಲಾರದು. ಬಂದ ಗೊಬ್ಬರವಾದರೂ ಅಂದೇ ಹೊಲಕ್ಕೆ ಹೋಗಲಿ ಎಂಬುದಷ್ಟೇ ನನ್ನ ವಾದ.

ಕೈಯಲ್ಲಿ ಹಿಡಿಯುವ ಯಂತ್ರ ಮೊಬೈಲ್ ಸಿಮ್ ಒಂದನ್ನೇ ನಂಬಿದ್ದರೆ, ತಗಡಿನ ಮಾಡಿನ ಕೆಳಗೆ, ದಪ್ಪ ಗೋಡೆಗಳ ನಡುವೆ ಅದು ಪರದಾಡುವುದು ಸಹಜ. 2019ರ ಜುಲೈನಲ್ಲಿ, ಡಿ. ವಿ. ಸದಾನಂದ ಗೌಡರು ಕೇಂದ್ರ ರಸಗೊಬ್ಬರ ಸಚಿವರಾಗಿದ್ದಾಗ, ಇದೇ ಮಾರಾಟವನ್ನು ಮೇಜಿನ ಕಂಪ್ಯೂಟರಿನಲ್ಲಿಯೂ ನಡೆಸುವ ತಂತ್ರಾಂಶವನ್ನು ಬಿಡುಗಡೆ ಮಾಡಲಾಯಿತು. ಇದರಿಂದ ಕೇಬಲ್ ಸಂಪರ್ಕವನ್ನು ಬಳಸುವ ಅವಕಾಶ ದೊರೆಯಿತು. ದಿನಕ್ಕೆ ಹತ್ತಾರು ರೈತರು ಬರುವ ಸಂಘ ಈ ಅವಕಾಶವನ್ನು ಬಿಡಬಾರದು.

ವ್ಯವಸ್ಥೆ ಹೀಗಿರಲಿ. ಮುಖ್ಯ ದಾರಿಯಾಗಿ ಒಂದು ಫೈಬರ್ ಲೈನು. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯಲಾಗಿದೆ. ನಿಮ್ಮ ಪಂಚಾಯಿತಿಯದು ಕೆಲಸ ಮಾಡುತ್ತಿದ್ದರೆ ಅಲ್ಲಿಂದ ಸಂಘಕ್ಕೆ ಸಂಪರ್ಕ ಸಿಗುವುದೇ ಎಂದು ವಿಚಾರಿಸಿ. ಎರಡನೆಯ ದಾರಿಯಾಗಿ, ಬೇರೊಂದು ಕಂಪನಿಯ ಸಿಮ್ ಹಾಕಿದ ರೂಟರ್. ಮೊದಲನೆಯದು ಕಡಿದರೆ ತಾನಾಗಿಯೇ ಎರಡನೆಯದಕ್ಕೆ ಬದಲಾಗುವ ರೂಟರ್‌ಗಳು ಪೇಟೆಯಲ್ಲಿ ದೊರೆಯುತ್ತವೆ. ಯಾವ ಕಂಪನಿಯ ಸಿಮ್ ಎಂಬುದನ್ನು ರಸ್ತೆಯಲ್ಲಿ ನಿಂತು ತೀರ್ಮಾನಿಸಬಾರದು. ಮೇಜಿರುವ ಜಾಗದಲ್ಲಿ, ಬಾಗಿಲು ಮುಚ್ಚಿ, ಪರೀಕ್ಷಿಸಿ ನೋಡಬೇಕು. ಒಳಗೆ ಸಿಗ್ನಲ್ ಬಾರದಿದ್ದರೆ ಮಾಡಿನ ಮೇಲೆ ಆಂಟೆನಾ ಹಾಕಿಸಬಹುದು. ಮಾರಾಟಗಾರರು ವೇಗದ ಅಂಕಿಗಳನ್ನು ಹೇಳಿ ದುಬಾರಿ ಲೈನು ಒಪ್ಪಿಸಲು ನೋಡುತ್ತಾರೆ. ಒಂದು ಮೂಟೆಯ ಮಾರಾಟಕ್ಕೆ ಹೋಗಿಬರುವ ಮಾಹಿತಿ ಅತ್ಯಲ್ಪ. ನಮಗೆ ವೇಗಕ್ಕಿಂತ ಕಡಿಯದ ಲೈನು ಮುಖ್ಯ.

ರೂಟರಿನಿಂದ ಕಂಪ್ಯೂಟರು, ಸಂಘದ ಲೆಕ್ಕದ ಯಂತ್ರ, ಪ್ರಿಂಟರುಗಳಿಗೆ ತಾಮ್ರದ ಕೇಬಲ್ ಎಳೆಸಿ. ಒಂದು ಎಳೆತ 100 ಮೀಟರು ಮೀರಬಾರದು, ವಿದ್ಯುತ್ ತಂತಿಯ ಜೊತೆಗೆ ಒಂದೇ ಕೊಳವೆಯಲ್ಲಿ ಹೋಗಬಾರದು. ಗೋದಾಮಿನ ಇಲಿಗೆ ಕೇಬಲ್ ಆಗಬಹುದಾದ ಆಹಾರವೇ. ಪಿವಿಸಿ ಕೊಳವೆಯೊಳಗೆ ಹಾಕಿಸಿ. ಬಂದುಹೋಗುವವರ ಫೋನುಗಳಿಗೆ ಈ ಸಂಪರ್ಕದ ಗುಟ್ಟಿನ ಪದ ಕೊಡಬಾರದು. ಸಿಬ್ಬಂದಿಯ ಸಿನಿಮಾ ನೋಡುವಿಕೆಗೂ ಇದೇ ಮಾತು ಅನ್ವಯಿಸುತ್ತದೆ.

ಗೊಬ್ಬರದ ಅಂಗಡಿಗೆ ಬೇರೆ ಅಂಗಡಿಗಳಿಗಿಲ್ಲದ ಒಂದು ಶತ್ರು ಇದೆ. ಯೂರಿಯಾ ಗಾಳಿಯ ತೇವವನ್ನು ಹೀರುವ ವಸ್ತು. ಮಳೆಗಾಲದಲ್ಲಿ ಒಡೆದ ಮೂಟೆಯ ಹರಳು ಹೇಗೆ ನೀರಾಗುತ್ತದೆಂಬುದನ್ನು ನೀವು ನೋಡಿದ್ದೀರಿ. ಗೊಬ್ಬರದ ದೂಳು ತೇವದೊಡನೆ ಸೇರಿ ಕೇಬಲ್ಲಿನ ತುದಿಗೆ, ರೂಟರಿನ ಕಿಂಡಿಗೆ ಕೂತರೆ ಲೋಹ ಹಸುರುಗಟ್ಟುತ್ತದೆ. ಹೊರಗೆ ಎಲ್ಲವೂ ಸರಿಯಿದ್ದು ಆಗೊಮ್ಮೆ ಈಗೊಮ್ಮೆ ಸಂಪರ್ಕ ತಪ್ಪುತ್ತಿದ್ದರೆ ಮೊದಲು ಈ ತುದಿಗಳನ್ನು ನೋಡಬೇಕು. ಆದಕಾರಣ ರೂಟರನ್ನು ಮೂಟೆಗಳ ಕೋಣೆಯಲ್ಲಿಡದೆ, ಕಚೇರಿಯ ಗೋಡೆಯ ಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ರೂಟರು ಮತ್ತು ಕಂಪ್ಯೂಟರಿಗೆ ಯುಪಿಎಸ್, ಕಟ್ಟಡಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಮುಂಗಾರು ಪೂರ್ವದ ಗುಡುಗು ಮಳೆಗೆ ಯಂತ್ರ ಸುಟ್ಟರೆ ಬಿತ್ತನೆಯ ವೇಳೆಗೆ ಹೊಸದು ಬರುವುದು ಕಷ್ಟ.

ಇಷ್ಟೆಲ್ಲ ಮಾಡಿದರೂ ಕೇಂದ್ರದ ಸರ್ವರ್ ನಿಂತರೆ ನಾವು ಕಾಯಲೇಬೇಕು. ಸವೆದ ಬೆರಳಿನ ಗುರುತನ್ನೂ ನೆಟ್‌ವರ್ಕ್ ಸರಿಪಡಿಸಲಾರದು. ಇವು ಬೇರೆಯೇ ಪ್ರಶ್ನೆಗಳು.

ಖರ್ಚಿನ ಮಾತು ಬರುತ್ತದೆ. ಪ್ರಾಥಮಿಕ ಕೃಷಿ ಸಹಕಾರ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. 63,000 ಸಂಘಗಳು ಆಗ ಅದರ ಗುರಿಯಾಗಿದ್ದವು. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ, ಬಂದ ಕಂಪ್ಯೂಟರು ಪೆಟ್ಟಿಗೆಯಿಂದ ಹೊರಬಂದಿದೆಯೇ ಎಂದು ಕೇಳಿ. ಎರಡನೆಯ ಲೈನು, ಬ್ಯಾಟರಿ, ಅರ್ಥಿಂಗ್‌ಗಳ ಖರ್ಚನ್ನು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಪ್ರಸ್ತಾಪಿಸಿ ನಡವಳಿಯಲ್ಲಿ ಬರೆಸಬೇಕು. ಊಟದ ಮುಂಚೆಯೇ ಪ್ರಸ್ತಾಪಿಸುವುದು ಒಳ್ಳೆಯದು. ಖಾಸಗಿ ಅಂಗಡಿಯವರಿಗೆ ಈ ಒತ್ತಾಯ ಸಲ್ಲದಾದರೂ, ಯಾರ ಯಂತ್ರ ನಡೆಯುತ್ತದೋ ಅವರಲ್ಲಿಗೆ ಗಿರಾಕಿ ಹೋಗುತ್ತಾನೆಂಬುದು ಅವರಿಗೆ ತಿಳಿದೇ ಇದೆ.

ಮೇ ತಿಂಗಳ ಮೊದಲ ವಾರ ಒಂದು ದಿನ, ಆಡಳಿತ ಮಂಡಳಿಯವರ ಎದುರಿಗೆ, ಮುಖ್ಯ ಲೈನನ್ನು ಕಿತ್ತು, ವಿದ್ಯುತ್ತನ್ನು ನಿಲ್ಲಿಸಿ, ಒಂದು ಮೂಟೆ ಮಾರಿಸಿ ನೋಡಿ. ರಸೀದಿ ಬಾರದಿದ್ದರೆ ಸರಿಪಡಿಸಿಕೊಳ್ಳಲು ಆಗಿನ್ನೂ ಕೆಲವು ವಾರಗಳ ಬಿಡುವಿರುತ್ತದೆ.